ತಕ್ಕಡಿ ಇಳಿಸಿದ ಮೇಲೆ

ನನ್ನ ಮೊದಲ ಗಿರಾಕಿ ಎದುರು ಮನೆಯ ಮೇಷ್ಟರ ಹೆಂಡತಿ. ಕಾಲು ಕೆಜಿ ದಂಟಿನ ಸೊಪ್ಪು ಕೇಳಿದರು. ಹೊಸದಾಗಿ ತಂದ ಡಿಜಿಟಲ್ ತಕ್ಕಡಿಯ ಮೇಲೆ ಒಂದೊಂದೇ ಗಿಡ ಇಟ್ಟು, ಕೊನೆಗೆ ಎರಡು ಎಲೆ ಚಿವುಟಿ ತೆಗೆದು, ಸರಿಯಾಗಿ 250 ಗ್ರಾಂ ತೋರಿಸುವಂತೆ ಮಾಡಿ ಅವರ ಚೀಲಕ್ಕೆ ಹಾಕಿದೆ. 30 ರೂಪಾಯಿ ಕೊಟ್ಟರು. ಆದರೆ ಹೋಗಲಿಲ್ಲ, ಚೀಲದ ಬಾಯಿ ತೆರೆದುಕೊಂಡೇ ನಿಂತಿದ್ದರು. ಚಿಲ್ಲರೆ ಏನಾದರೂ ಕೊಡಬೇಕಿತ್ತೇ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ.

"ಕೊಸರು ಹಾಕಲ್ವೇನ್ರೀ?" ಅಂದರು.

ಹಾಕಿದೆ, ಒಂದು ಹಿಡಿ. ಹಾಕುವಾಗ ಹೊಟ್ಟೆಯಲ್ಲಿ ಏನೋ ಚುರುಕ್ ಅಂದದ್ದು ನಿಜ. ಬ್ಯಾಂಕೊಂದರ ಕ್ಯಾಷ್ ಕೌಂಟರಿನಲ್ಲಿ 27 ವರ್ಷ ಕೂತವಳು ನಾನು. ಸಂಜೆ ಲೆಕ್ಕ ಕೂಡಿಸುವಾಗ ಹತ್ತು ರೂಪಾಯಿ ಕಮ್ಮಿ ಬಂದರೆ ಕೈಯಿಂದ ಕಟ್ಟಬೇಕು, ಅದು ಎಲ್ಲರಿಗೂ ಗೊತ್ತಿರುವುದೇ. ಹೆಚ್ಚು ಬಂದರೆ ಇನ್ನೂ ತಾಪತ್ರಯ. ಅದು ಯಾರದ್ದು, ಎಲ್ಲಿ ತಪ್ಪಿತು ಎಂದು ವೋಚರುಗಳನ್ನೆಲ್ಲ ಮತ್ತೆ ತಿರುವಿ ಹಾಕಬೇಕು. ಸಿಗದಿದ್ದರೆ ಸಸ್ಪೆನ್ಸ್ ಖಾತೆಗೆ ಹಾಕಿ ಮ್ಯಾನೇಜರ್ ಮುಂದೆ ತಪ್ಪಿತಸ್ಥಳ ಹಾಗೆ ನಿಲ್ಲಬೇಕು. ಹೆಚ್ಚೂ ಬೇಡ, ಕಮ್ಮಿಯೂ ಬೇಡ ಎಂದು ಅಷ್ಟು ವರ್ಷ ಜಪ ಮಾಡಿದ ಕೈಗೆ, ದುಡ್ಡು ತೆಗೆದುಕೊಂಡಾದ ಮೇಲೆ ಬಿಟ್ಟಿಯಾಗಿ ಇನ್ನೊಂದು ಹಿಡಿ ಹಾಕು ಎಂದರೆ ಅದು ಬಗ್ಗುವುದು ಹೇಗೆ?

ಸ್ವಯಂ ನಿವೃತ್ತಿ ತೆಗೆದುಕೊಂಡದ್ದು 53ನೇ ವಯಸ್ಸಿಗೆ. ವಿಜಯನಗರದಲ್ಲಿ ನಮ್ಮದು ಮೂವತ್ತು ನಲವತ್ತರ ಸೈಟು. ತಾರಸಿಯಲ್ಲಿ ನೀರಿನ ಟ್ಯಾಂಕು, ಮೆಟ್ಟಿಲ ಕೋಣೆ, ಬಟ್ಟೆ ಒಣಗಿಸುವ ಜಾಗ ಕಳೆದರೆ 800 ಚದರಡಿ ಸಿಗುತ್ತದೆ. ಮಣ್ಣು, ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಸಮಸಮ ಬೆರೆಸಿ ಉದ್ದನೆಯ ಬೆಡ್ಡುಗಳಲ್ಲಿ ತುಂಬಿಸಿದೆ. ಒದ್ದೆ ಮಣ್ಣಿನ ಭಾರ ಎಷ್ಟೆಂದು ಕೇಳಿ ಬೆಚ್ಚಿಬಿದ್ದ ತಮ್ಮ, ಅವನು ಸಿವಿಲ್ ಎಂಜಿನಿಯರ್, ಕೆಳಗೆ ತೊಲೆ ಹಾದುಹೋಗುವ ಕಡೆಯೇ ಬೆಡ್ಡು ಇಡಿಸಿದ. ಎಲ್ಲ ಸೇರಿ 71,000 ರೂಪಾಯಿ ಕೈಬಿಟ್ಟಿತು. ಮೆಂತ್ಯ, ದಂಟು, ಪಾಲಕ್, ಸಬ್ಬಸಿಗೆ, ಕೊತ್ತಂಬರಿ. ಬಿತ್ತಿದ ನಾಲ್ಕನೇ ವಾರಕ್ಕೆ ಮೆಂತ್ಯ ಕೊಯ್ಲಿಗೆ ಬಂತು. ಈಗ 14 ಮನೆಗಳಿಗೆ ವಾರಕ್ಕೆ ಸುಮಾರು ಒಂದೊಂದು ಕೆಜಿ ಹೋಗುತ್ತದೆ. ತಿಂಗಳಿಗೆ ಆರೂವರೆ ಸಾವಿರದ ಸುತ್ತಮುತ್ತ ಬರುತ್ತದೆ, ಖರ್ಚು ಕಳೆದರೆ ನಾಲ್ಕು ಸಾವಿರ. ಅದರಲ್ಲಿ ನನ್ನ ಮೈಕೈ ನೋವಿನ ಲೆಕ್ಕ ಇಲ್ಲ. ಹೊಟ್ಟೆಪಾಡಿಗಾಗಿ ಈ ಕೆಲಸಕ್ಕೆ ಇಳಿಯುವವರು ಈ ಅಂಕಿಗಳನ್ನು ಎರಡು ಸಲ ಓದಿಕೊಳ್ಳಲಿ.

ಅಮ್ಮನಿಗೆ ಇದು ಮೊದಲಿನಿಂದಲೂ ಸರಿಬಂದಿಲ್ಲ. ಅವರಿಗೆ 78. "ಮನೆ ಸೊಪ್ಪಿಗೆ ದುಡ್ಡು ಇಸ್ಕೋತೀಯಾ?" ಎಂದು ಕೇಳಿದಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಸಂಕೋಚವಿತ್ತು, ಮಗಳು ಬೀದಿಯಲ್ಲಿ ಏನೋ ಆಡಬಾರದ್ದು ಆಡಿದಳೇನೋ ಎಂಬಂಥ ಸಂಕೋಚ. ಅವರ ಪ್ರಕಾರ ಮಾರಬಾರದ ವಸ್ತುಗಳೇ ಬೇರೆ ಇವೆ. ಮಜ್ಜಿಗೆ ಮಾರಬಾರದು. ಹೆಪ್ಪು ಕೇಳಿ ಬಂದವರಿಗೆ ಇಲ್ಲ ಅನ್ನಬಾರದು. ಕರಿಬೇವಿನ ಮರ ಇದ್ದವರು ಕರಿಬೇವಿಗೆ ಬೆಲೆ ಕಟ್ಟಬಾರದು. ಅನ್ನ ಮಾರುವವರ ಮನೆಯಲ್ಲಿ ಅನ್ನ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ಮಜ್ಜಿಗೆ ಪ್ಯಾಕೆಟ್ಟಿನಲ್ಲಿ ಬರುತ್ತದಲ್ಲಮ್ಮ ಎಂದೆ. "ಅದಕ್ಕೇ ಅದರಲ್ಲಿ ಮಜ್ಜಿಗೆ ಇರಲ್ಲ" ಅಂದರು.

ನಗು ಬಂತು, ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬೆಳೆದದ್ದನ್ನು ಮಾರುವುದರಲ್ಲಿ ನಿಜವಾಗಿ ಏನಾದರೂ ತಪ್ಪಿದೆಯೇ? ಮಧ್ಯಾಹ್ನ ಬಿಸಿಲಿಗೆ ತಾರಸಿಗೆ ಹೋಗಲಾಗದ ಹೊತ್ತಿನಲ್ಲಿ ಅಷ್ಟಿಷ್ಟು ಓದತೊಡಗಿದೆ. ತೈತ್ತಿರೀಯ ಉಪನಿಷತ್ತಿನಲ್ಲಿ ಭೃಗು ಅಪ್ಪನ ಬಳಿ ಬ್ರಹ್ಮವೇನೆಂದು ತಿಳಿಯಲು ಹೋಗುತ್ತಾನೆ. ತಪಸ್ಸು ಮಾಡಿ ಮೊದಲು ಕಂಡುಕೊಂಡದ್ದು ಅನ್ನವನ್ನು. ಆಮೇಲೆ ಪ್ರಾಣ, ಮನಸ್ಸು, ವಿಜ್ಞಾನ ಎಂದು ಮೇಲೆ ಮೇಲೆ ಹತ್ತಿ ಆನಂದಕ್ಕೆ ಮುಟ್ಟುತ್ತಾನೆ. ಅಲ್ಲಿಗೆ ಮುಗಿಯಿತು ಎಂದುಕೊಂಡರೆ, ಗ್ರಂಥ ಮತ್ತೆ ಅನ್ನಕ್ಕೇ ಇಳಿದು ಬರುತ್ತದೆ. ಅನ್ನವನ್ನು ಹಳಿಯಬೇಡ, ಬಿಸಾಡಬೇಡ, ಹೆಚ್ಚು ಹೆಚ್ಚು ಬೆಳೆ, ಬಂದವರನ್ನು ಹಿಂದಕ್ಕೆ ಕಳಿಸಬೇಡ ಎಂದು ವ್ರತಗಳನ್ನು ಹೇಳುತ್ತದೆ. ಆನಂದದ ತುದಿ ಮುಟ್ಟಿದವನನ್ನು ಹಿತ್ತಲಿಗೆ ಕಳಿಸಿ ಕಳೆ ಕೀಳಲು ಹಚ್ಚಿದ ಹಾಗೆ ನನಗೆ ಕಂಡಿತು, ಖುಷಿಯಾಯಿತು. ಆದರೆ ಅಷ್ಟೆಲ್ಲ ಬೆಳೆದದ್ದನ್ನು ಎಷ್ಟಕ್ಕೆ ಕೊಡಬೇಕೆಂದು ಅಲ್ಲಿ ಒಂದು ಮಾತೂ ಇಲ್ಲ.

ಬೆಲೆಯ ಮಾತು ಸಿಕ್ಕಿದ್ದು ನಾನು ಹುಡುಕಲು ಇಷ್ಟಪಡದ ಕಡೆ. ಮನುವಿನ ಹೆಸರು ಕೇಳಿದರೆ ಹೆಣ್ಣಾಗಿ ನನಗೆ ಮೈ ಉರಿಯುತ್ತದೆ. ಆದರೂ ಆ ಪುಸ್ತಕದ ಹತ್ತನೆಯ ಅಧ್ಯಾಯದಲ್ಲಿ ಬ್ರಾಹ್ಮಣ ಕಷ್ಟಕ್ಕೆ ಸಿಕ್ಕಿ ವ್ಯಾಪಾರಕ್ಕಿಳಿದರೂ ಮಾರಬಾರದ ವಸ್ತುಗಳ ಉದ್ದ ಪಟ್ಟಿ ಇದೆ: ಬೇಯಿಸಿದ ಅನ್ನ, ಎಳ್ಳು, ಉಪ್ಪು, ಹಾಲು, ಹೀಗೆ. ಅದರ ಬೆನ್ನಿಗೇ ಒಂದು ಸಣ್ಣ ಸಡಿಲಿಕೆ ಬರುತ್ತದೆ. ತಾನೇ ಉತ್ತು ಬೆಳೆದ ಎಳ್ಳಾದರೆ, ಕಲಬೆರಕೆ ಇಲ್ಲದಿದ್ದರೆ, ಬೆಲೆ ಏರಲೆಂದು ಬಹಳ ದಿನ ಕೂಡಿಡದಿದ್ದರೆ, ಧರ್ಮಕಾರ್ಯಕ್ಕಾಗಿ ಮಾರಬಹುದು. ನನ್ನ ದಂಟಿಗೆ ಮೊದಲ ಮೂರು ಷರತ್ತೂ ಒಪ್ಪುತ್ತವೆ. ಕೂಡಿಡೋಣವೆಂದರೂ ಸೊಪ್ಪು ಸಂಜೆಯವರೆಗೆ ನಿಲ್ಲಬೇಕಲ್ಲ! ಬೇಗ ಬಾಡುವ ವಸ್ತುವನ್ನು ಮಾರುವವನಿಗೆ ದೇವರು ಅರ್ಧ ಧರ್ಮವನ್ನು ಪುಕ್ಕಟೆಯಾಗಿ ಕೊಟ್ಟಿರುತ್ತಾನೆ. ನಾಲ್ಕನೆಯ ಷರತ್ತಿನ ಬಗ್ಗೆ ನಾನು ಸುಮ್ಮನಿರುತ್ತೇನೆ. ನಾಲ್ಕು ಸಾವಿರದಲ್ಲಿ ಮನೆಯ ಕರೆಂಟು ಬಿಲ್ಲು ಕಟ್ಟುತ್ತೇನೆ.

ಇಷ್ಟಾದರೂ ಅಮ್ಮನ ಮುಖದ ಆ ಸಂಕೋಚಕ್ಕೆ ಶಾಸ್ತ್ರದಲ್ಲಿ ಉತ್ತರ ಸಿಗಲಿಲ್ಲ. ಅದಕ್ಕೆ ಗುಬ್ಬಿ ತಾಲ್ಲೂಕಿನ ನಮ್ಮ ತಾತನ ಕಣಕ್ಕೇ ಹೋಗಬೇಕಾಯಿತು.

ರಾಗಿ ತೂರಿ ರಾಶಿ ಮಾಡಿ, ಅದರ ನೆತ್ತಿಗೆ ಗರಿಕೆ ಸಿಕ್ಕಿಸಿದ ಸಗಣಿ ಬೆನಕನನ್ನಿಟ್ಟು ಪೂಜೆ ಮಾಡಿದ ಮೇಲೆ ಅಳತೆ ಶುರು. ತಾತ ಮೊದಲ ಕೊಳಗ ತುಂಬಿ ಚೀಲಕ್ಕೆ ಸುರಿಯುವಾಗ "ಒಂದು" ಅನ್ನುತ್ತಿರಲಿಲ್ಲ, "ಲಾಭ" ಅನ್ನುತ್ತಿದ್ದರು. ಆಮೇಲೆ ಎರಡು, ಮೂರು. ಲಾಭ ಎಂದರೆ ಒಂದು ಸಂಖ್ಯೆ ಎಂದೇ ನಾನು ತಿಳಿದಿದ್ದೆ. ಸ್ಕೂಲಿನಲ್ಲಿ ಎಣಿಸು ಅಂದಾಗ ಹಾಗೇ ಶುರು ಮಾಡಿ ನಗೆಪಾಟಲಾಗಿದ್ದೆ. ಅಳತೆ ಮುಗಿಯುವ ಹೊತ್ತಿಗೆ ಬಡಗಿ, ಕಮ್ಮಾರ, ಮಡಿವಾಳ, ನೀರುಗಂಟಿ, ತೋಟಿ ಎಲ್ಲರೂ ಕಣದ ಅಂಚಿಗೆ ಬಂದು ನಿಂತಿರುತ್ತಿದ್ದರು. ತಾತ ಕೊಳಗ ಪಕ್ಕಕ್ಕಿಟ್ಟು ಮೊರದಲ್ಲಿ ಬಾಚಿ ಬಾಚಿ ಅವರ ಪಂಚೆಗೆ, ಸೆರಗಿಗೆ ಸುರಿಯುತ್ತಿದ್ದರು. ಅಳತೆ ಇಲ್ಲದ ಆ ಸುರಿಯುವಿಕೆಯೇ ಕೊಸರಿನ ಮೂಲ, ಅದೇ ದೊಡ್ಡತನ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ.

ಈಗ ಅಷ್ಟು ಸಲೀಸಾಗಿ ನಂಬಲಾರೆ. ವರ್ಷವಿಡೀ ನೇಗಿಲು ಸರಿಮಾಡಿದವನಿಗೆ, ಕೆರೆ ತೂಬು ಕಾದವನಿಗೆ ಆ ರಾಗಿ ಕೊಸರಲ್ಲ, ಕೂಲಿ. ಅವರ ಕೂಲಿಗೆ ನಮ್ಮ ಮನೆಯವರು ನಮ್ಮ ಔದಾರ್ಯವೆಂದು ಹೆಸರಿಟ್ಟುಕೊಂಡರು. ಅಳೆಯದೆ ಕೊಟ್ಟದ್ದರಿಂದಲೇ, ಇನ್ನೆಷ್ಟು ಬಾಕಿ ಎಂದು ಕೇಳುವ ದಾರಿ ಅವರಿಗಿರಲಿಲ್ಲ. ಆದ್ದರಿಂದ ತಕ್ಕಡಿಯನ್ನು ಬೈಯುವವರ ಜೊತೆ ನಾನು ಸೇರುವುದಿಲ್ಲ. ಕೊಡಬೇಕಾದದ್ದನ್ನು ಮೊದಲು ಗ್ರಾಂ ಲೆಕ್ಕದಲ್ಲಿ ಕೊಟ್ಟು ಮುಗಿಸಬೇಕು. ತಕ್ಕಡಿ ಕೆಳಗಿಳಿಸಿದ ಮೇಲೆ ಹಾಕುವ ಹಿಡಿ ಮಾತ್ರ ಕೊಸರು. ಮೊದಲೇ ಹಾಕಿದರೆ ಅದು ಬರೀ ತೂಕ.

ಇದು ಹೊಳೆದ ಮೇಲೆ ಒಂದು ಪೆದ್ದು ಕೆಲಸ ಮಾಡಿದೆ. ಎಷ್ಟಾದರೂ ಬ್ಯಾಂಕಿನವಳು, ಎಕ್ಸೆಲ್ ಹಾಳೆಯಲ್ಲಿ ಬೀಜ, ಬೇವಿನ ಹಿಂಡಿ, ಚೀಲ ಎಂಬ ಸಾಲುಗಳ ಕೆಳಗೆ "ಕೊಸರು: 5%" ಎಂದು ಇನ್ನೊಂದು ಸಾಲು ಸೇರಿಸಿದೆ. 30 ರೂಪಾಯಿಯ ಸೊಪ್ಪು 32 ಆಯಿತು. ಎಲ್ಲರಿಗೂ ಹನ್ನೆರಡೋ ಹದಿಮೂರೋ ಗ್ರಾಂ ಹೆಚ್ಚಿಗೆ. ಹೊಟ್ಟೆಯ ಚುರುಕ್ ಪೂರ್ತಿ ನಿಂತುಹೋಯಿತು. ಎರಡು ವಾರ ನೆಮ್ಮದಿಯಾಗಿದ್ದೆ. ಮಗ ಊರಿಂದ ಬಂದವನು ಹಾಳೆ ನೋಡಿ, "ಅಮ್ಮಾ, ಇದರಲ್ಲಿ ಕೊಸರೆಲ್ಲಿದೆ? ಇದು 262 ಗ್ರಾಂ ಪ್ಯಾಕು" ಅಂದ. ಸುಮ್ಮನಾದೆ. ಕೊಸರಿಗೆ ನಾನು ಬೆಲೆ ಕಟ್ಟಿಸಿಕೊಂಡಾಗಿತ್ತು. ಆ ಚುರುಕ್ ಇದೆಯಲ್ಲ, ಕೊಡುವಾಗ ಕೈ ಒಂದು ಗಳಿಗೆ ಹಿಂದೆಮುಂದೆ ನೋಡುವುದು, ಅದನ್ನು ಕಳೆದುಕೊಂಡರೆ ಕೊಟ್ಟಂತೆ ಆಗುವುದಿಲ್ಲವೇನೋ. ಸಾಲು ಅಳಿಸಿದೆ, ಬೆಲೆ ಮತ್ತೆ 30 ಮಾಡಿದೆ. ಈಗ ಕೆಲವರಿಗೆ ದೊಡ್ಡ ಹಿಡಿ ಹೋಗುತ್ತದೆ, ಕೆಲವರಿಗೆ ಚಿಕ್ಕದು. ಮನಸ್ಸು ಕೆಟ್ಟ ದಿನ ಯಾರಿಗೂ ಇಲ್ಲ.

ನಾನು ಕೊಡುವ ಮಾತು ಹಾಗಿರಲಿ. ಕೇಳದೆಯೇ ತೆಗೆದುಕೊಳ್ಳುವವರೂ ತಾರಸಿಯಲ್ಲಿದ್ದಾರೆ. ಪಾಲಕ್ ಎಲೆಯ ಮೇಲೆ ಒಂದು ಬೆಳಿಗ್ಗೆ ಸುಣ್ಣದಲ್ಲಿ ಎಳೆದಂತೆ ಬಿಳಿ ಗೆರೆಗಳು, ಸೊಟ್ಟಸೊಟ್ಟ, ಒಂದಕ್ಕೊಂದು ಸುತ್ತಿಕೊಂಡು. ರಂಗೋಲಿ ಹುಳು. ಚಿಕ್ಕದೊಂದು ನೊಣದ ಮರಿ ಅದು. ಎಲೆಯ ಮೇಲಿನ ಪೊರೆಗೂ ಕೆಳಗಿನ ಪೊರೆಗೂ ನಡುವೆ ಇರುವ ಹಸಿರನ್ನು ಮೆಲ್ಲುತ್ತ ಸುರಂಗ ಕೊರೆಯುತ್ತ ಹೋಗುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದರೆ ಅದರ ಜೀವನಚರಿತ್ರೆ ಪೂರ್ತಿ ಕಾಣುತ್ತದೆ. ಹುಟ್ಟಿದಲ್ಲಿ ಗೆರೆ ಕೂದಲೆಳೆಯಷ್ಟು. ತಿಂದು ದಪ್ಪಗಾದಂತೆ ಅಗಲವಾಗುತ್ತ ಹೋಗಿ, ಅಗಲವಾದ ತುದಿಯಲ್ಲಿ ಹಳದಿ ಚುಕ್ಕೆಯಾಗಿ ಹುಳುವೇ ಕೂತಿರುತ್ತದೆ. ಹೆಬ್ಬೆರಳಿನ ಉಗುರು ಇಟ್ಟು ಒತ್ತಿದರೆ ಮುಗಿಯಿತು. ಮೊದಲ ದಿನ ನಲವತ್ತೋ ಐವತ್ತೋ ಒತ್ತಿದೆ. ಹಳದಿ ಅಂಟುಬಲೆ ತೂಗುಹಾಕಿದೆ, ಬೇವಿನೆಣ್ಣೆ ಸಿಂಪಡಿಸಿದೆ.

ಆಮೇಲೆ ಅನ್ನಿಸಿದ್ದು ಇಷ್ಟು. ಮನೆಗೇ ಬೆಳೆದಿದ್ದರೆ ಆ ಎಲೆಗಳನ್ನು ತೊಳೆದು ಮಸೊಪ್ಪಿಗೆ ಹಾಕುತ್ತಿದ್ದೆ, ರುಚಿಯೇನೂ ಕೆಡುವುದಿಲ್ಲ. ನೋಡಲು ಚೆನ್ನಾಗಿಲ್ಲದ ಎಲೆಯನ್ನು ಗಿರಾಕಿ ಪಕ್ಕಕ್ಕೆ ತಳ್ಳುತ್ತಾರೆ ಎಂಬ ಒಂದೇ ಕಾರಣಕ್ಕೆ ಆ ಹುಳುಗಳು ಸತ್ತವು. ಹಸಿವಿಗಾಗಿ ಕೊಲ್ಲುವುದಕ್ಕೆ ನಮ್ಮ ಹಿರಿಯರು ಏನೇನೋ ಪ್ರಾಯಶ್ಚಿತ್ತ ಹೇಳಿದ್ದಾರೆ. ಅಂದಕ್ಕಾಗಿ ಕೊಲ್ಲುವುದಕ್ಕೆ ಏನು ಹೇಳುತ್ತಿದ್ದರೋ! ಈ ಊರಿನ ಹಳೆಯ ರೈತರು ಇನ್ನೊಂದು ಬಗೆಯಲ್ಲಿ ಯೋಚಿಸಿದ್ದರು. ಬಸವನಗುಡಿಯ ಸುತ್ತ ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿ ಎಂದು ಹಳ್ಳಿಗಳಿದ್ದ ಕಾಲದಲ್ಲಿ ಅಲ್ಲೆಲ್ಲ ಕಡಲೆಕಾಯಿ ಹೊಲ. ಬೆಳೆದ ಬೆಳೆಯನ್ನು ಒಂದು ಬಸವ ಬಂದು ಮೇಯುತ್ತಿತ್ತಂತೆ. ಕೊನೆಗೆ ಅದಕ್ಕೇ ಗುಡಿ ಕಟ್ಟಿ, ಮೊದಲ ಕೊಯ್ಲನ್ನು ಅದರ ಮುಂದೆ ಸುರಿಯುವ ರೂಢಿ ಬಂತು ಎಂದು ಐತಿಹ್ಯ. ಇವತ್ತಿಗೂ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ. ಬೆಳೆ ಕದ್ದವನನ್ನೇ ದೇವರು ಮಾಡಿ, ಕಳವನ್ನು ಪಾಲು ಎಂದು ಕರೆದ ಜನ ಅವರು. ನಾನು ಈಗ ಮೂಲೆಯ ಒಂದು ಬೆಡ್ಡನ್ನು ಹುಳುವಿಗೇ ಬಿಟ್ಟಿದ್ದೇನೆ. ಭಕ್ತಿಯಿಂದ ಬಿಟ್ಟೆನೆಂದು ಹೇಳಿದರೆ ಸುಳ್ಳಾಗುತ್ತದೆ. ಎಲ್ಲವೂ ಅಲ್ಲೇ ಸೇರಿಕೊಳ್ಳಲಿ ಎಂಬ ಲೆಕ್ಕಾಚಾರವೂ ಇದೆ. ಅಲ್ಲಿಯ ರಂಗೋಲಿ ಪಾಲಕ್ಕು ನಮ್ಮ ಮನೆಯ ಸಾರಿಗೆ.

2024ರ ಮಾರ್ಚ್ ತಿಂಗಳಲ್ಲಿ ನೀರಿನ ಪರೀಕ್ಷೆ ಬಂತು. ಊರ ತುಂಬ ಬೋರ್‌ವೆಲ್ ಬತ್ತಿ, ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯುವುದಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ನನ್ನದು ಕೈತೋಟವೋ, ಕೃಷಿಯೋ? ಸೊಪ್ಪು ಆಹಾರ, ಆದ್ದರಿಂದ ಇದು ಬೇರೆ ಎಂದು ಒಂದು ವಾರ ನನಗೆ ನಾನೇ ವಕಾಲತ್ತು ಮಾಡಿಕೊಂಡೆ. ಕಾವೇರಿಯನ್ನು ನೂರು ಕಿಲೋಮೀಟರ್ ದೂರದಿಂದ ಪಂಪಿನ ಮೇಲೆ ಪಂಪು ಹಾಕಿ ಈ ಎತ್ತರಕ್ಕೆ ತರುತ್ತಾರೆ. ಅದನ್ನು ಮತ್ತೆ ಮೂರನೇ ಮಹಡಿಯ ತಾರಸಿಗೆ ಏರಿಸಿ ಮೆಂತ್ಯಕ್ಕೆ ಕುಡಿಸುವುದು. ಪಕ್ಕದ ರಸ್ತೆಯಲ್ಲಿ ಟ್ಯಾಂಕರಿನ ಹಿಂದೆ ಬಿಂದಿಗೆ ಹಿಡಿದು ನಿಂತವರನ್ನು ನೋಡಿದ ದಿನ ಅರ್ಧ ಬೆಡ್ಡು ಖಾಲಿ ಬಿಟ್ಟೆ. ಉಳಿದದ್ದಕ್ಕೆ ಅಕ್ಕಚ್ಚು, ಬಟ್ಟೆ ಜಾಲಿಸಿದ ಕೊನೆಯ ನೀರು, ಫಿಲ್ಟರಿನಿಂದ ಹೊರಹೋಗುವ ನೀರು. ಆ ಕೊನೆಯದರ ಉಪ್ಪಿಗೆ ಮೆಂತ್ಯದ ತುದಿ ಸುಟ್ಟಿತು.

ಇಷ್ಟೆಲ್ಲ ಧರ್ಮಸೂಕ್ಷ್ಮ ನೋಡುತ್ತಿದ್ದವಳಿಗೆ ಪಕ್ಕದಲ್ಲೇ ಇದ್ದ ಅಧರ್ಮ ಕಾಣಲಿಲ್ಲ.

ನಮ್ಮ ರಸ್ತೆಗೆ ಹನ್ನೆರಡು ವರ್ಷದಿಂದ ಒಬ್ಬಾಕೆ ಸೊಪ್ಪು ತರುತ್ತಾಳೆ. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ಹೊರೆ ಕೊಂಡು, ಏಳರ ಹೊತ್ತಿಗೆ ಇಲ್ಲಿ ಕೂಗು ಹಾಕುತ್ತಾಳೆ. ನಮಗೆಲ್ಲ ಆಕೆ ಸೊಪ್ಪಿನಮ್ಮ. ವ್ಯಾಪಾರ ಶುರು ಮಾಡಿದಾಗ ನಾನು ಬೀದಿಯ ವಾಟ್ಸ್ಯಾಪ್ ಗುಂಪಿಗೆ ಒಂದು ಸಂದೇಶ ಹಾಕಿದ್ದೆ: ತಾಜಾ ಸೊಪ್ಪು, ವಿಷವಿಲ್ಲದ್ದು, ಮೋರಿ ನೀರಿನಲ್ಲಿ ಬೆಳೆದದ್ದಲ್ಲ. ಒಂದು ಬೆಳಿಗ್ಗೆ ಆಕೆ ಗೇಟಿನ ಹತ್ತಿರ ಬುಟ್ಟಿ ಇಳಿಸಿದಳು.

"ಅಕ್ಕ, ನನ್ ಸೊಪ್ಪು ಮೋರಿ ನೀರಿಂದು ಅಂತ ಬರೆದಿದೀರಂತೆ."

ಹಾಗೆ ಬರೆದಿಲ್ಲ ಎಂದೆ. ನನ್ನದು ಮೋರಿ ನೀರಿನದಲ್ಲ ಎಂದಷ್ಟೇ ಬರೆದದ್ದು.

"ಅದೇ ಅಲ್ವಾ?" ಅಂದಳು.

ಅದೇ. ವಾದದಲ್ಲಿ ಸೋತವಳ ಹಾಗೆ ನಿಂತಿದ್ದೆ. ಊರಿನ ಸುತ್ತ ಕೆಲವು ಕಡೆ ಕೊಳಚೆ ನೀರಿನಲ್ಲಿ ತರಕಾರಿ ಬೆಳೆಯುವುದು ಸುಳ್ಳಲ್ಲ. ಆದರೆ ಆಕೆಯ ಬುಟ್ಟಿಯದು ಎಲ್ಲಿಯದೆಂದು ನನಗೆ ಗೊತ್ತಿರಲಿಲ್ಲ, ತಿಳಿಯಬೇಕೆಂದೂ ಅನ್ನಿಸಿರಲಿಲ್ಲ. ನಾನು ಮಾರಿದ್ದರಲ್ಲಿ ಸೊಪ್ಪು ಅರ್ಧ, ಹೆದರಿಕೆ ಅರ್ಧ. 10 ರೂಪಾಯಿಯ ಕಟ್ಟಿಗೂ ನನ್ನ 30 ರೂಪಾಯಿಗೂ ನಡುವಿನ ಅಂತರ ತುಂಬಿದ್ದು ಆ ಹೆದರಿಕೆ. ಅದಕ್ಕೆ ತಕ್ಕಡಿಯಲ್ಲಿ ತೂಕವೂ ಇರಲಿಲ್ಲ.

"ಐದು ಮನೆ ಬಿಟ್ಟೋದ್ರು" ಎಂದು ಬೆರಳು ಮಡಚಿ ತೋರಿಸಿದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನಿಮ್ಗೆ ಮೂವತ್ ರೂಪಾಯ್ ಕೊಡ್ತಾರೆ ಅಂದ್ರೆ, ನಂದೂ ನೀವೇ ಮಾರ್ಕೊಡಿ" ಅಂದಳು. ತಮಾಷೆಯೋ ಕೊಂಕೋ ತಿಳಿಯಲಿಲ್ಲ. ಎರಡೂ ಇರಬೇಕು.

ಅವತ್ತು ರಾತ್ರಿ ಆಯ್ದಕ್ಕಿ ಲಕ್ಕಮ್ಮ ನೆನಪಾದಳು. ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಅಷ್ಟು ಬೇಡ, ಹೆಚ್ಚಿಗೆಯದನ್ನು ಅಲ್ಲೇ ಸುರಿದು ಬನ್ನಿ ಎಂದವಳು. ಅತಿಯಾಸೆ ಬೇಡ ಎಂದು ಸ್ಕೂಲಿನಲ್ಲಿ ಈ ಕಥೆ ಹೇಳಿಕೊಟ್ಟಿದ್ದರು. ನನಗೆ ಮಾತ್ರ ಆಕೆ ಯಾವಾಗಲೂ ಕ್ಯಾಷಿಯರ್ ಹಾಗೆ ಕಾಣುತ್ತಿದ್ದಳು: ಹೆಚ್ಚು ಬಂದದ್ದೂ ಅವಳಿಗೆ ತಪ್ಪೇ. ಈ ಸಲ ಬೇರೊಂದು ಕಂಡಿತು. ಮಾರಯ್ಯ ಆಯ್ದದ್ದು ಯಾರೂ ಅಳೆಯದೆ ಚೆಲ್ಲಿದ್ದನ್ನು, ಅಂದರೆ ಲೋಕದ ಕೊಸರನ್ನು. ಅದನ್ನು ಮನೆ ಬಾಗಿಲಲ್ಲಿ ನಿಂತು ಅಳೆದವಳು ಲಕ್ಕಮ್ಮ. ಚೆಲ್ಲುವವರು ಅಳೆಯದಿದ್ದರೂ ಆಯ್ದುಕೊಳ್ಳುವವರು ಅಳೆಯಬೇಕು. ಬಿಸಿಲಿಗೆ, ಮಳೆಗೆ, ಎರೆಹುಳಕ್ಕೆ ಬೆಲೆ ಕೊಡದ ನಾನು ದಿನವೂ ಆಯ್ದುಕೊಳ್ಳುವವಳೇ. ಆ ಐದು ಮನೆಗಳನ್ನೂ ಅಳೆಯದೆ ಬಾಚಿಕೊಂಡಿದ್ದೆ.

ಸಂದೇಶ ಅಳಿಸಿ, ನನ್ನ ಸೊಪ್ಪಿಗೆ ಏನು ಹಾಕುತ್ತೇನೆ ಎಂಬುದನ್ನಷ್ಟೇ ಬರೆದೆ. ಕೊತ್ತಂಬರಿ, ಮೆಂತ್ಯ ಬಿತ್ತುವುದು ನಿಲ್ಲಿಸಿದೆ. ಅವು ಆಕೆಯ ಬುಟ್ಟಿಯಲ್ಲೇ ಇರುತ್ತವೆ. ಆಕೆ ತರದ ಬಸಳೆ, ಹೊನಗೊನೆ, ಚಕ್ರಮುನಿ, ಗಣಿಕೆ ಹಾಕಿದೆ. ಎರಡು ಮನೆಯವರು ನನ್ನನ್ನೂ ಬಿಟ್ಟರು. ಐದರಲ್ಲಿ ಮೂರು ಆಕೆಗೆ ವಾಪಸು ಹೋದವು ಎಂದು ಕಾಣುತ್ತದೆ, ನಾನು ಕೇಳಿಲ್ಲ.

ಮಳೆಗಾಲಕ್ಕೆ ಬಸಳೆ ಕೈಮೀರಿ ಹಬ್ಬಿತು. ಹದಿನಾಲ್ಕು ಮನೆಗೆ ಕೊಟ್ಟರೂ ಮುಗಿಯದು. ಹೋದ ಶುಕ್ರವಾರ ಕಟ್ಟುಗಳನ್ನು ಕಟ್ಟಿ ಗೇಟಿನ ಕಟ್ಟೆಯ ಮೇಲಿಟ್ಟುಕೊಂಡು ಕಾದೆ. ಸೊಪ್ಪಿನಮ್ಮ ಬುಟ್ಟಿ ಇಳಿಸಿದಳು. ತಗೊಂಡು ಹೋಗಿ ಮಾರಿಕೋ, ನನಗೇನೂ ಕೊಡಬೇಡ ಎಂದೆ. ಕಟ್ಟಿನ ದಾರ ಬಿಚ್ಚಿ ಒಂದು ಎಲೆ ಹಿಂಡಿ ಮೂಸಿದಳು. ಆಮೇಲೆ ಒಂದೊಂದಾಗಿ ಬುಟ್ಟಿಗೆ ಹಾಕಿಕೊಳ್ಳುತ್ತ ಎಣಿಸಿದಳು: ಲಾಭ, ಎರಡು, ಮೂರು, ನಾಲ್ಕು. ಎಂಟು ಇದ್ದವು. ಎಂಟೂ ಹಾಕಿಕೊಂಡವಳು ಒಂದು ಗಳಿಗೆ ಬುಟ್ಟಿ ನೋಡಿ, ಎರಡನ್ನು ತೆಗೆದು ಕಟ್ಟೆಯ ಮೇಲೆ ವಾಪಸಿಟ್ಟಳು.

"ಆರು ಸಾಕಕ್ಕ" ಅಂದಳು. "ಮಿಕ್ಕಿದ್ದು ಬಾಡೋಗತ್ತೆ."